ಮೀನು ಬಾಯಿ ಬಿಡುವ ಹೊತ್ತು

"ಸರ, ಮೀನು ಎಲ್ಲಾ ಮ್ಯಾಲೆ ಬಂದು ಬಾಯಿ ಬಿಡಾಕತ್ತಾವ್ರಿ."

ಏಪ್ರಿಲ್-ಮೇ ಬಂತೆಂದರೆ ಬೆಳಗಿನ ಐದೂವರೆ, ಆರಕ್ಕೆ ಇಂಥ ಫೋನು ಬರುವುದು ನನಗೆ ರೂಢಿ. ಈ ಸಲ ಫೋನು ಮಾಡಿದವರು ಧಾರವಾಡ ತಾಲ್ಲೂಕಿನ ಒಂದು ಊರಿನ ಕೆರೆಯನ್ನು ಮೀನಿಗೆ ಗುತ್ತಿಗೆ ಹಿಡಿದವರು. ಹೋಗಿ ನೋಡಿದರೆ ದಂಡೆಯುದ್ದಕ್ಕೂ ಕಾಟ್ಲಾಗಳು ಮೂತಿ ಮೇಲೆತ್ತಿಕೊಂಡು ನಿಂತಿವೆ. ತಳದ ನೀರನ್ನು ಬಾಟಲಿಗೆ ತುಂಬಿ, ಮ್ಯಾಂಗನೀಸ್ ಸಲ್ಫೇಟ್ ಬಿಟ್ಟು, ಹಿಂದೆಯೇ ಕ್ಷಾರ ಬೆರೆಸಿದ ಅಯೊಡೈಡ್ ಹಾಕಿ ಅಲ್ಲಾಡಿಸಿದೆ. ನೀರಿನಲ್ಲಿ ಆಮ್ಲಜನಕವಿದ್ದರೆ ಬೆಲ್ಲದ ಬಣ್ಣದ ಗಸಿ ಕೂರಬೇಕು. ಮಜ್ಜಿಗೆಯಂಥ ಬಿಳಿ ಗಸಿ ಕೂತಿತು. ಆಮ್ಲಜನಕ ಪೂರ್ತಿ ಖಾಲಿ.

"ಬಿಸಲಿಗೆ ನೀರು ಕಾದು ಮೀನು ಬೆಂದಾವೇನ್ರಿ?"

ನನ್ನ ವಿದ್ಯಾರ್ಥಿಗಳು ಕೈಗಾ ಅಣುಸ್ಥಾವರದ ಬಗ್ಗೆ ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ಕಾಳಿ ನದಿಯ ಕದ್ರಾ ಜಲಾಶಯದ ಪಕ್ಕ ತಲಾ 220 ಮೆಗಾವಾಟ್‌ನ ನಾಲ್ಕು ಅಣು ಘಟಕಗಳಿವೆ. ಅಲ್ಲಿ ಹುಟ್ಟುವ ಶಾಖದಲ್ಲಿ ಕರೆಂಟಾಗುವುದು ಮೂರರಲ್ಲೊಂದು ಪಾಲಿಗೂ ಕಮ್ಮಿ. ಟರ್ಬೈನ್ ತಿರುಗಿಸಿ ಬಂದ ಉಗಿಯನ್ನು ಮತ್ತೆ ನೀರಾಗಿಸಬೇಕಲ್ಲ, ಆಗ ಕಂಡೆನ್ಸರ್ ಕೊಳವೆಗಳಲ್ಲಿ ಹರಿಯುವ ಜಲಾಶಯದ ನೀರು ಉಳಿದ ಶಾಖವನ್ನು ಹೊತ್ತುಕೊಂಡು ವಾಪಸು ಹೋಗುತ್ತದೆ. ಮುಟ್ಟಿದರೆ ಕೈ ಸುಡುವಂಥ ನೀರಲ್ಲ ಅದು. ಹಳೆಯ ಕಲ್ಲಿದ್ದಲು ಸ್ಥಾವರಗಳಿಗೂ ಕಂಡೆನ್ಸರ್ ಹೊಕ್ಕ ನೀರಿಗಿಂತ ಹೊರಬಂದ ನೀರು 10 ಡಿಗ್ರಿಗಿಂತ ಹೆಚ್ಚು ಬಿಸಿಯಿರಬಾರದೆಂಬ ನಿಯಮವಿತ್ತು. ಕಾಟ್ಲಾದಂಥ ನಮ್ಮ ಗೆಂಡೆ ಮೀನುಗಳು 30 ಡಿಗ್ರಿಯಲ್ಲಿ ಹಾಯಾಗಿಯೇ ಇರುತ್ತವೆ.

ಲೆಕ್ಕ ತಪ್ಪುವುದು ಉಸಿರಿನಲ್ಲಿ. 20 ಡಿಗ್ರಿಯ ಒಂದು ಲೀಟರ್ ನೀರು ಹೆಚ್ಚೆಂದರೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. 30ಕ್ಕೆ ಏಳೂವರೆ, 35ಕ್ಕೆ ಸುಮಾರು 7. ಏಳು ಮಿಲಿಗ್ರಾಂ ಮೀನಿಗೆ ಧಾರಾಳವಾಯಿತು. ಆದರೆ ಆದಾಯ ಇಳಿದ ಹೊತ್ತಿಗೇ ಖರ್ಚು ಏರುತ್ತದೆ. ನೀರು 10 ಡಿಗ್ರಿ ಕಾದರೆ ಮೀನಿನ ಉಸಿರಾಟ ಹತ್ತಿರ ಹತ್ತಿರ ಎರಡು ಪಟ್ಟು. ತಳದ ರಾಡಿಯಲ್ಲಿ ಸೊಪ್ಪುಸದೆ ಕೊಳೆಸುವ ಬ್ಯಾಕ್ಟೀರಿಯಾಗಳದ್ದೂ ಅಷ್ಟೇ. ಹಗಲೆಲ್ಲ ಆಮ್ಲಜನಕ ಕೊಡುವ ಪಾಚಿ ಮತ್ತು ನೀರಗಿಡಗಳು ರಾತ್ರಿ ತಾವೇ ಅದನ್ನು ತಿನ್ನಲು ಕೂರುತ್ತವೆ. ಹೀಗಾಗಿ ಕೆರೆಯ ಗಂಟು ಕರಗುವುದು ಕೋಳಿ ಕೂಗುವ ಹೊತ್ತಿಗೆ. ಮಧ್ಯಾಹ್ನ ಹನ್ನೆರಡಕ್ಕೆ ಮೀಟರ್ ಅದ್ದಿ "ಎಲ್ಲಾ ಸರಿ ಐತಿ" ಎಂದು ಬರೆದ ವರದಿ ಕಂಡರೆ ನಾನು ಅದನ್ನು ಪಕ್ಕಕ್ಕಿಡುತ್ತೇನೆ.

ಕಾದ ನೀರು ಹಗುರ, ಮೇಲೇ ತೇಲುತ್ತದೆ. ಗಾಳಿ ಬೀಸಿದರೂ ಕೆಳಗಿನ ನೀರಿನೊಂದಿಗೆ ಸುಲಭಕ್ಕೆ ಬೆರೆಯದು, ತಳಕ್ಕೆ ಉಸಿರು ತಲುಪದು. ಇಂಥ ಬೆಚ್ಚನೆಯ ಮೇಲ್ಪದರ ನೀಲಿ-ಹಸಿರು ಪಾಚಿಗೆ ಹೇಳಿ ಮಾಡಿಸಿದ ಜಾಗ. ಅದು ಬಣ್ಣ ಕದಡಿದಂತೆ ಹರಡಿತೆಂದರೆ ಕೆಳಗಿನ ಹೈಡ್ರಿಲ್ಲಾದಂಥ ಗಿಡಗಳಿಗೆ ಬೆಳಕಿಲ್ಲ. ಅವುಗಳ ನಡುವೆ ಅಡಗಿ ಬೆಳೆಯಬೇಕಾದ ಮರಿಗಳಿಗೆ ಮರೆಯೂ ಇಲ್ಲ. ಕಾಟ್ಲಾ ತಿನ್ನುವ ಸೂಕ್ಷ್ಮ ಪ್ರಾಣಿಗಳಿಗೆ ಈ ಪಾಚಿ ಒಳ್ಳೆಯ ಮೇವಲ್ಲ. ಜಿಲೇಬಿ ಮೀನಿಗೆ (ತಿಲಾಪಿಯಾ) ಮಾತ್ರ ಹಬ್ಬ: ಬಿಸಿ ತಡೆಯುತ್ತದೆ, ಕಮ್ಮಿ ಆಮ್ಲಜನಕದಲ್ಲೂ ಬದುಕುತ್ತದೆ, ಆ ಪಾಚಿಯನ್ನೂ ತಿನ್ನುತ್ತದೆ. ಬಲೆಗೆ ಬೀಳುವ ತೂಕ ಅಷ್ಟೇ ಇರಬಹುದು, ಬುಟ್ಟಿಯಲ್ಲಿರುವ ಮೀನು ಬೇರೆಯಾಗಿರುತ್ತದೆ.

ಬಿಸಿನೀರಿನ ಬಗ್ಗೆ ಕೇಳುವವರು ಸ್ಥಾವರ ನೀರೆತ್ತುವ ಬಾಯಿಯ ಬಗ್ಗೆ ಯಾಕೆ ಕೇಳುವುದಿಲ್ಲವೋ! ಪಂಪುಗಳ ಸೆಳೆತಕ್ಕೆ ದೊಡ್ಡ ಮೀನು ಜಾಲರಿಗೆ ಅಂಟಿಕೊಳ್ಳುತ್ತವೆ. ಮೊಟ್ಟೆ, ಸಣ್ಣ ಮರಿ, ತೇಲುಜೀವಿಗಳು ಜಾಲರಿ ದಾಟಿ ಕಂಡೆನ್ಸರ್ ಒಳಗೇ ಹೋಗುತ್ತವೆ. ಅಲ್ಲಿ ಶಾಖ, ಒತ್ತಡ, ಜೊತೆಗೆ ಕೊಳವೆಗೆ ಲೋಳೆ ಕಟ್ಟದಿರಲೆಂದು ಹಾಕುವ ಕ್ಲೋರಿನ್. ದಂಡೆಗೆ ಹೆಣ ಬಂದು ಬೀಳುವುದಿಲ್ಲ, ಹಾಗಾಗಿ ಸುದ್ದಿಯೂ ಆಗುವುದಿಲ್ಲ.

ನದಿ, ಕೆರೆ, ಜಲಾಶಯದ ನೀರು ಬಳಸುವ ಹೊಸ ಉಷ್ಣ ಸ್ಥಾವರಗಳಿಗೆ 1999ರ ಜೂನ್‌ನಿಂದ ಕೂಲಿಂಗ್ ಟವರ್ ಕಡ್ಡಾಯ. 2015ರ ಡಿಸೆಂಬರ್ ಅಧಿಸೂಚನೆ ಹಳೆಯವನ್ನೂ ಸೇರಿಸಿತು. ಟವರ್ ಶಾಖವನ್ನು ಗಾಳಿಗೆ ಬಿಡುತ್ತದೆ, ನಿಜ. ಅದಕ್ಕೆ ನೀರನ್ನೇ ಆವಿ ಮಾಡುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ನಮ್ಮ ಕಡೆಯವರಿಗೆ ಇದು ಸಣ್ಣ ಮಾತಲ್ಲ. (ಗದಗಿನ ಗುಡ್ಡದ ಮೇಲೆ ಗಾಳಿಗೆ ತಿರುಗಿ ಕರೆಂಟು ಕೊಡುವ ಫ್ಯಾನುಗಳಿಗೆ ಈ ಎರಡು ರಗಳೆಯೂ ಇಲ್ಲ.)

ಗುತ್ತಿಗೆದಾರರಿಗೆ ಹೇಳಿದೆ: ಎಂಟು ದಿನ ಸಗಣಿ, ಹಿಂಡಿ ಹಾಕಬೇಡಿ. ದಿನಾ ಬೆಳಗಿನ ಜಾವ ಮೂರಕ್ಕೆ ಪಂಪ್‌ಸೆಟ್ ಹಚ್ಚಿ ಕೆರೆಯ ನೀರನ್ನೇ ಎತ್ತರದಿಂದ ಚಿಮ್ಮಿಸಿ, ಗಾಳಿ ಬೆರೆಯಲಿ.

"ಮೂರಕ್ಕ ಎಲ್ಲಿ ಪಂಪ್‌ಸೆಟ್ ರೀ ಸರ," ಎಂದರು. "ತ್ರೀ ಫೇಸ್ ಕರೆಂಟು ಬರೂದ ಹನ್ನೊಂದಕ್ಕ."

ಪಕ್ಕದ ಹೊಲದವರ ಡೀಸೆಲ್ ಎಂಜಿನ್ ತಂದು ಹಚ್ಚಿದೆವು.