ಹಳೇ ಸೇನಾ ಬ್ಯಾಡ್ಜನ್ನು ಮೊದಲು ತಿರುಗಿಸಿ ನೋಡಿ

ಮಹಾಯುದ್ಧದ ಕಾಲದ ಬ್ರಿಟಿಷ್ ಟೋಪಿ ಬ್ಯಾಡ್ಜ್ ಕೈಗೆ ಸಿಕ್ಕ ತಕ್ಷಣ ನಮ್ಮಲ್ಲಿ ಬಹಳ ಜನ ಹುಣಸೆಹಣ್ಣು ಹಚ್ಚಿ ಉಜ್ಜುತ್ತಾರೆ. ಹಿತ್ತಾಳೆ ಫಳಫಳ ಹೊಳೆಯುತ್ತದೆ, ನಿಜ. ಆದರೆ ಹುಳಿ ಜಾಸ್ತಿ ಹೊತ್ತು ನಿಂತರೆ ಸತು ಕರಗಿ ಅಲ್ಲಲ್ಲಿ ತಾಮ್ರದ ಕೆಂಪು ಮಚ್ಚೆ ಏಳುತ್ತದೆ. ಜೊತೆಗೆ ಹಿಂಬದಿಯಲ್ಲಿ ಕೂತಿದ್ದ ಹಳೇ ಕಪ್ಪೂ ಹೋಗುತ್ತದೆ. ಹಳೇ ಲೋಹದ ವಸ್ತುಗಳನ್ನು ಕಾಪಾಡುವ ಕೆಲಸ ಮಾಡುವ ನನಗೆ ಬೇಕಾಗಿರುವುದೇ ಆ ಕಪ್ಪು.

ಮುಂಭಾಗದ ನಕಲು ಸುಲಭ. ಹಳೇ ಅಚ್ಚು ಸಿಕ್ಕರೆ ಇವತ್ತೂ ಒತ್ತಬಹುದು. ಹಿಂಬದಿಯಲ್ಲಿ ಮೋಸ ಮಾಡುವುದು ಕಷ್ಟ. ಮೊದಲನೇ ಮಹಾಯುದ್ಧದ ಹೊತ್ತಿಗೆ ಬಹಳಷ್ಟು ಬ್ಯಾಡ್ಜುಗಳ ಹಿಂದೆ ಚಪ್ಪಟೆ ಪಟ್ಟಿಯೊಂದು ಇರುತ್ತಿತ್ತು. ಸ್ಲೈಡರ್ ಅಂತಾರೆ. ಅದನ್ನು ಟೋಪಿಯ ಸೀಳಿಗೆ ತೂರಿಸಬೇಕು. ಇನ್ನು ಕೆಲವಕ್ಕೆ ಎರಡು ಕೊಂಡಿ, ಅವುಗಳಲ್ಲಿ ಹಾಯುವ ಒಂದು ಪಿನ್ನು. ಪಿನ್ನು ಕಳೆದರೆ ಸಿಪಾಯಿ ಬೆಂಕಿಕಡ್ಡಿ ತೂರಿಸಿಕೊಂಡು ಪೆರೇಡಿಗೆ ಹೋಗುತ್ತಿದ್ದ. ಸ್ಲೈಡರ್ ಮುರಿದರೆ ಬೆಸುಗೆಯೇ ಗತಿ.

ಇತ್ತೀಚೆಗೆ ನೋಡಿದ ಒಂದು ರಾಯಲ್ ಆರ್ಟಿಲರಿ, ಅಂದರೆ ಬ್ರಿಟಿಷ್ ಫಿರಂಗಿ ದಳದ ಬ್ಯಾಡ್ಜನ್ನೇ ತಗೊಳ್ಳಿ. ಮೇಲೆ ಕಿರೀಟ, ನಡುವೆ ಫಿರಂಗಿ. ಸ್ಲೈಡರ್ ಬುಡದಲ್ಲೇ ಮುರಿದಿದೆ. ಅದರ ಪಕ್ಕ ಯಾರೋ ತಾಮ್ರದ ತಂತಿ ಬಗ್ಗಿಸಿ ಎರಡು ಕೊಂಡಿ ಬೆಸೆದಿದ್ದಾರೆ. ಒಂದು ಸ್ವಲ್ಪ ಸೊಟ್ಟ. ಬೆಸುಗೆ ಬೂದು ಬಣ್ಣಕ್ಕೆ ತಿರುಗಿದೆ, ಸುತ್ತ ಹಸಿರು ಕಲೆ. ಭೂತಗನ್ನಡಿ ಹಿಡಿದರೆ ಬೆಸುಗೆಯ ಉಬ್ಬು ಬಟ್ಟೆಗೆ ತಿಕ್ಕಿ ನುಣುಪಾಗಿರುವುದು ಕಾಣುತ್ತದೆ. ಕೊಂಡಿಯ ಒಳಗೂ ಪಿನ್ನು ಸವೆಸಿದ ತೋಡು ಇದೆ. ಅಂದರೆ ರಿಪೇರಿಯಾದ ಮೇಲೂ ಇದನ್ನು ಬಹಳ ಕಾಲ ಧರಿಸಿದ್ದಾರೆ. ನಾನು ಹುಡುಕುವುದು ಇದನ್ನೇ. ಬ್ಯಾಡ್ಜೆಲ್ಲ ಸವೆದು, ರಿಪೇರಿ ಮಾತ್ರ ಹೊಸದಾಗಿದ್ದರೆ ಅದು ವ್ಯಾಪಾರಿಯ ಕೈಚಳಕ ಅಂತಲೇ ನನ್ನ ಮೊದಲ ಅನುಮಾನ.

ಮುಂಭಾಗದ ಸವೆತಕ್ಕೂ ಒಂದು ಕ್ರಮವಿದೆ. ಪಾಲಿಶ್ ಬಟ್ಟೆ ಮೊದಲು ತಾಗುವುದು ಉಬ್ಬಿದ ಕಡೆಗೆ. ಈ ಬ್ಯಾಡ್ಜಿನಲ್ಲಿ ಗಾಲಿಯ ಕಡ್ಡಿಗಳು ಹೆಚ್ಚುಕಮ್ಮಿ ಮಾಯವಾಗಿವೆ, ಮೂಲೆಯ ಗೆರೆಗಳು ಇನ್ನೂ ಚೂಪಾಗಿವೆ. ಸಂದಿಯಲ್ಲಿ ಒಣಗಿದ ಪಾಲಿಶ್ ಇದೆ. ಆಸಿಡ್‌ನಲ್ಲಿ ಅದ್ದಿ ಹಳತು ಮಾಡಿದ್ದರೆ ಎಲ್ಲಾ ಕಡೆ ಒಂದೇ ಥರ ಮಂಕಾಗಿರುತ್ತದೆ.

ಬ್ರಿಟನ್ನಿನಲ್ಲಿ ಬ್ಯಾಡ್ಜುಗಳನ್ನು ಸಾಮಾನ್ಯವಾಗಿ ಅಚ್ಚಿನಲ್ಲಿ ಒತ್ತುತ್ತಿದ್ದರು, ಹಾಗಾಗಿ ಎರಕ ಹೊಯ್ದದ್ದೆಲ್ಲ ನಕಲಿ ಅನ್ನುವ ಮಾತು ಬಹಳ ಕೇಳುತ್ತೀರಿ. ಭಾರತದ ಮಟ್ಟಿಗೆ ಅದನ್ನು ನಂಬಬೇಡಿ. ಇಲ್ಲಿದ್ದ ತುಕಡಿಗಳಿಗೆ ಬಜಾರಿನ ಹಿತ್ತಾಳೆ ಕೆಲಸದವರು ಮರಳಿನ ಅಚ್ಚಿನಲ್ಲಿ ಬ್ಯಾಡ್ಜ್ ಹೊಯ್ದುಕೊಟ್ಟದ್ದುಂಟು. ಒರಟಾಗಿದ್ದರೂ ಅವು ಅಸಲಿಯೇ. ಅಲ್ಲೂ ಸವೆತವನ್ನೇ ನೋಡಬೇಕು.

ಕಿರೀಟದ ಲೆಕ್ಕ ಸುಲಭ. ಎರಡೂ ಮಹಾಯುದ್ಧಗಳಲ್ಲಿ ಇಂಗ್ಲೆಂಡಿನಲ್ಲಿ ರಾಜರೇ ಇದ್ದರು, ಹಾಗಾಗಿ ಕಿರೀಟದ ಕಮಾನು ಗುಂಡಗಿರುತ್ತದೆ. ನಡುವೆ ತಗ್ಗಿದ್ದರೆ ಅದು ಎರಡನೇ ಎಲಿಜಬೆತ್ ಕಾಲದ್ದು. 2022ರ ನಂತರ ಮೂರನೇ ಚಾರ್ಲ್ಸ್ ಮತ್ತೆ ಗುಂಡು ಕಿರೀಟಕ್ಕೇ ಮರಳಿರುವುದರಿಂದ, ಬರೀ ಕಿರೀಟ ನೋಡಿ ದುಡ್ಡು ಕೊಡಬೇಡಿ.

ಎರಡನೇ ಮಹಾಯುದ್ಧದಲ್ಲಿ ಲೋಹ ಉಳಿಸಲು ಪ್ಲಾಸ್ಟಿಕ್ ಬ್ಯಾಡ್ಜುಗಳೂ ಬಂದವು. ವ್ಯಾಪಾರಿಗಳು ಬೇಕಲೈಟ್ ಅನ್ನುವ ಹಳೇ ಗಟ್ಟಿ ಪ್ಲಾಸ್ಟಿಕ್ ಅಂತ ಮಾರುತ್ತಾರೆ, ಆದರೆ ಅದು ಸೆಲ್ಯುಲೋಸ್ ಅಸಿಟೇಟ್ ಅನ್ನುವ ಬೇರೆ ಪ್ಲಾಸ್ಟಿಕ್. ಉಗುರು ಬಣ್ಣ ತೆಗೆಯುವ ಅಸಿಟೋನ್ ತಾಗಿಸಿದರೆ ಕರಗುತ್ತದೆ. ವಿನಿಗರ್ ವಾಸನೆ ಬರುತ್ತಿದ್ದರೆ ಒಳಗಿಂದ ಹಾಳಾಗುತ್ತಿದೆ ಅಂತ ಅರ್ಥ. ಅದನ್ನು ಉಳಿದವುಗಳಿಂದ ದೂರ ಇಡಿ.

ಹಿತ್ತಾಳೆಗೆ ಅಮೋನಿಯಾ ಇರುವ ದ್ರಾವಣವೂ ಬೇಡ. ಬ್ರಿಟಿಷ್ ಭಾರತದಲ್ಲಿ ಮಳೆಗಾಲ ಬಂದರೆ ತೋಟಾಗಳ ಹಿತ್ತಾಳೆ ಕವಚ ತಾನಾಗಿ ಸೀಳುತ್ತಿತ್ತು. ಕುದುರೆ ಲಾಯದ ಉಚ್ಚೆಯಿಂದ ಏಳುವ ಅಮೋನಿಯಾ ಅದಕ್ಕೆ ಕಾರಣ ಅಂತ ಆಮೇಲೆ ಗೊತ್ತಾಯಿತು. ಬಗ್ಗಿಸಿದ ಕಡೆ ಬಿರುಕು ಬೇಗ ಬರುತ್ತದೆ. ಬ್ಯಾಡ್ಜಿನಲ್ಲಿ ಅದು ಸ್ಲೈಡರಿನ ತಿರುವು. ಮರದ ಡಬ್ಬಿಯೂ ಒಳ್ಳೆಯದಲ್ಲ. ಮರದಿಂದ ಬರುವ ಆಮ್ಲದ ಆವಿಗೆ ಹಳೇ ಬೆಸುಗೆಯ ಸೀಸ ಬಿಳಿ ಪುಡಿಯಾಗುತ್ತದೆ. ಆ ಪುಡಿ ವಿಷ, ಬರಿಗೈಯಲ್ಲಿ ಒರೆಸಬೇಡಿ. ಆಮ್ಲವಿಲ್ಲದ ಕಾಗದ, ಸಿಲಿಕಾ ಜೆಲ್ ಇಟ್ಟ ಪ್ಲಾಸ್ಟಿಕ್ ಡಬ್ಬಿ ಸಾಕು.

ಬ್ಯಾಡ್ಜಿನ ಜೊತೆ ಕಥೆಯನ್ನೂ ಮಾರುವವರಿದ್ದಾರೆ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆ ದಳ ಹೋರಾಡಿದ್ದು ಇತಿಹಾಸ. ನಿಮ್ಮೆದುರಿಗಿರುವ ಬ್ಯಾಡ್ಜೂ ಅಲ್ಲಿತ್ತು ಅನ್ನುವುದಕ್ಕೆ ಪುರಾವೆ ಬೇಕಲ್ವಾ? ಸೇವಾ ಪುಸ್ತಕ, ಪತ್ರ, ಸಿಪಾಯಿಯ ಫೋಟೋ, ಏನಾದರೂ ಇದ್ದರೆ ಬೆಲೆ ಮಾತಾಡಿ. ಇಲ್ಲದಿದ್ದರೆ ಬರೀ ಬ್ಯಾಡ್ಜಿನ ಬೆಲೆ ಕೊಡಿ. ನೂರು ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತು ಕಾಯ್ದೆಯಡಿ ಬರಬಹುದು. ಹೊರದೇಶಕ್ಕೆ ಕಳಿಸುವ ಮುಂಚೆ ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ.