ಬಾಟ್‌ಗಳಿಗೂ ಬೇಕು ಬಿಲ್ಲೆ

2002ರ ಅಕ್ಟೋಬರಿನಲ್ಲಿ ಇಂಗ್ಲಿಷ್ ವಿಕಿಪೀಡಿಯದ ‘ಇತ್ತೀಚಿನ ಬದಲಾವಣೆಗಳು’ ಪುಟ ತೆರೆದವರಿಗೆ ಕಂಡದ್ದು ಸಾಲು ಸಾಲು ಅಮೆರಿಕದ ಊರುಗಳು. ರ‍್ಯಾಮ್‌ಬಾಟ್ ಎಂಬ ಬಾಟ್, ಅಂದರೆ ತಾನಾಗಿ ತಿದ್ದುಪಡಿ ಮಾಡುವ ಪ್ರೋಗ್ರಾಂ, ಅಲ್ಲಿನ ಜನಗಣತಿಯ ಅಂಕಿಗಳನ್ನು ಸಿದ್ಧ ವಾಕ್ಯಗಳ ಅಚ್ಚಿಗೆ ಸುರಿದು 30,000ದಷ್ಟು ಲೇಖನಗಳನ್ನು ಏರಿಸಿತ್ತು. ಮಾಹಿತಿ ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ತಕರಾರು ಎದ್ದದ್ದು ಬೇರೆ ಕಾರಣಕ್ಕೆ: ಮನುಷ್ಯರು ಏನು ಬರೆದರು, ಏನು ಅಳಿಸಿದರು ಎಂಬುದು ಆ ಪ್ರವಾಹದಲ್ಲಿ ಕೊಚ್ಚಿಹೋಗುತ್ತಿತ್ತು.

ಈ ಗಲಾಟೆಯ ಬೆನ್ನಿಗೆ ರೂಪುಗೊಂಡ ನಿಯಮಗಳು ಇಂದಿಗೂ ಹೆಚ್ಚು ಬದಲಾಗಿಲ್ಲ. ಬಾಟ್‌ಗೆ ಪ್ರತ್ಯೇಕ ಖಾತೆ ಇರಬೇಕು, ಅದು ಬಾಟ್ ಎಂಬುದು ಹೆಸರಿನಲ್ಲೇ ತಿಳಿಯಬೇಕು. ಯಾವ ಕೆಲಸಕ್ಕೆ ಎಂದು ಮೊದಲೇ ಹೇಳಿ, ಸಣ್ಣ ಪ್ರಮಾಣದಲ್ಲಿ ಪ್ರಾಯೋಗಿಕವಾಗಿ ಓಡಿಸಿ ತೋರಿಸಿದ ಮೇಲೆ ಅನುಮತಿ. ಅನುಮತಿ ಸಿಕ್ಕ ಖಾತೆಗೆ ಒಂದು ಗುರುತು ಸೇರುತ್ತದೆ; ಸರಕಾರಿ ಜವಾನನ ಬಿಲ್ಲೆಯ ಹಾಗೆ. ಬಿಲ್ಲೆಯಿರುವ ಖಾತೆಯ ತಿದ್ದುಪಡಿಗಳನ್ನು ಬೇಡದವರು ಪಟ್ಟಿಯಿಂದ ಮರೆಮಾಡಿಕೊಳ್ಳಬಹುದು. ಬಾಟ್ ಎಡವಟ್ಟು ಮಾಡಿದರೆ ಉತ್ತರ ಹೇಳಬೇಕಾದವರು ಅದನ್ನು ಓಡಿಸುವ ಮನುಷ್ಯರೇ.

ಇಂಥ ಬಾಟ್‌ಗಳಲ್ಲಿ ನನ್ನ ಮೆಚ್ಚಿನದು ಕ್ಲೂಬಾಟ್ ಎನ್‌ಜಿ. 2010ರ ಕೊನೆಯಿಂದ ಇಂಗ್ಲಿಷ್ ವಿಕಿಪೀಡಿಯದಲ್ಲಿ ಕಿಡಿಗೇಡಿ ಬರಹಗಳನ್ನು ಅಳಿಸುತ್ತ ಬಂದಿದೆ. ಯಾರೋ ಒಂದು ಪುಟದಲ್ಲಿ ಬೈಗುಳ ತುರುಕಿದರೆ, ಹಲವು ಸಲ ಓದುಗರು ನೋಡುವುದರೊಳಗೆ ಅದು ಮಾಯವಾಗಿರುತ್ತದೆ. ಮನುಷ್ಯರು ಮೊದಲೇ ‘ಒಳ್ಳೆಯದು’, ‘ಕಿಡಿಗೇಡಿತನ’ ಎಂದು ವಿಂಗಡಿಸಿಟ್ಟ ಸಾವಿರಾರು ತಿದ್ದುಪಡಿಗಳೇ ಅದರ ಪಾಠ. ಯಾವ ಪದ ಸೇರಿತು, ಎಷ್ಟು ಅಳಿಸಲಾಯಿತು, ಬರೆದವರ ಪೂರ್ವೇತಿಹಾಸವೇನು ಎಂಬಂಥ ಲಕ್ಷಣಗಳನ್ನು ನರಜಾಲಕ್ಕೆ (ಉದಾಹರಣೆಗಳಿಂದ ಕಲಿಯುವ ಗಣಕ ವ್ಯವಸ್ಥೆಗೆ) ಉಣಿಸಿದರೆ ಸೊನ್ನೆಯಿಂದ ಒಂದರ ನಡುವಿನ ಒಂದು ಅಂಕ ಹೊರಬರುತ್ತದೆ. ಅಂಕ ಗೆರೆ ದಾಟಿದರೆ ತಿದ್ದುಪಡಿ ರದ್ದು.

ಆ ಗೆರೆಯನ್ನು ಎಲ್ಲಿ ಎಳೆಯಬೇಕು? ಇದನ್ನು ಗಣಿತ ತೀರ್ಮಾನಿಸುವುದಿಲ್ಲ. ಬಾಟ್ ರೂಪಿಸಿದವರ ಅಂದಾಜಿನಂತೆ, ಒಳ್ಳೆಯ ತಿದ್ದುಪಡಿಗಳಲ್ಲಿ ಶೇ. 0.25ರಷ್ಟು ತಪ್ಪಾಗಿ ಅಳಿಸಿಹೋದರೂ ಅಡ್ಡಿಯಿಲ್ಲ ಎಂದುಕೊಂಡರೆ ಕಿಡಿಗೇಡಿತನದ ಶೇ. 55ರಷ್ಟು ಬಲೆಗೆ ಬೀಳುತ್ತದೆ. ಶೇ. 0.1 ಸಾಕು ಎಂದರೆ ಬೀಳುವುದು ಶೇ. 40 ಮಾತ್ರ. ಸಮುದಾಯ ಬಿಗಿಯಾದ ಗೆರೆಯನ್ನೇ ಆರಿಸಿಕೊಂಡಿತು. ಇದು ಸರಿಯಾದ ಆಯ್ಕೆ ಎಂದೇ ನನ್ನ ಎಣಿಕೆ. ತಪ್ಪಿ ಬಲೆಗೆ ಬೀಳುವವರು ಬಹುಪಾಲು ಹೊಸಬರು. ಮೊದಲ ಸಲ ಬರೆದದ್ದನ್ನು ಯಂತ್ರ ಕ್ಷಣದಲ್ಲಿ ಅಳಿಸಿದರೆ ಅವರು ಮತ್ತೆ ಬರುವುದು ಅನುಮಾನ. ಇನ್ನೊಂದು ಸೌಜನ್ಯವೂ ಈ ಬಾಟ್‌ಗಿದೆ: ಅಳಿಸಿದ್ದನ್ನು ಅದೇ ವ್ಯಕ್ತಿ ಅದೇ ಪುಟಕ್ಕೆ ಕೂಡಲೇ ಮತ್ತೆ ಸೇರಿಸಿದರೆ ಸಾಮಾನ್ಯವಾಗಿ ಹಟಕ್ಕೆ ಬೀಳದೆ ಮನುಷ್ಯರಿಗೆ ಬಿಡುತ್ತದೆ. 2011ರಲ್ಲಿ ಅದು ಕೆಲವು ಸಲ ಕೆಟ್ಟು ನಿಂತಿತ್ತು. ಆಗಲೂ ಕಸ ಗುಡಿಸಲ್ಪಟ್ಟಿತು, ಆದರೆ ಹೆಚ್ಚುಕಡಿಮೆ ಎರಡು ಪಟ್ಟು ಸಮಯ ಹಿಡಿಯಿತು ಎಂದು ಸಂಶೋಧಕರು ಲೆಕ್ಕಹಾಕಿದ್ದಾರೆ.

ಬಿಲ್ಲೆಯಿಲ್ಲದ ಬಾಟ್‌ನ ಕಥೆಯೇ ಬೇರೆ. ರೆಡಿಟ್‌ನಲ್ಲಿ ‘ಚೇಂಜ್ ಮೈ ವ್ಯೂ’ ಎಂಬ ಚರ್ಚೆಯ ಬಳಗವಿದೆ. ಜ್ಯೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಸಾವಿರಕ್ಕೂ ಹೆಚ್ಚು ಪ್ರತಿಕ್ರಿಯೆಗಳನ್ನು ಅಲ್ಲಿ ಗುಟ್ಟಾಗಿ ಹಾಕಿದ್ದರೆಂಬುದು 2025ರ ಏಪ್ರಿಲ್‌ನಲ್ಲಿ ಬಯಲಾಯಿತು. ಒಂದು ಖಾತೆ ಅತ್ಯಾಚಾರದ ಸಂತ್ರಸ್ತನೆಂದು ಹೇಳಿಕೊಂಡಿತ್ತು, ಇನ್ನೊಂದು ಆಘಾತಕ್ಕೊಳಗಾದವರ ಆಪ್ತಸಲಹೆಗಾರನೆಂದು. ನಿರ್ವಾಹಕರಿಗೆ ಮೊದಲು ಸುಳಿವೇ ಇರಲಿಲ್ಲ. ರ‍್ಯಾಮ್‌ಬಾಟ್‌ನ ಮರದ ಕೊರಡಿನಂಥ ವಾಕ್ಯಗಳನ್ನು ಯಾರೂ ಗುರುತಿಸಬಹುದಿತ್ತು. ಇವನ್ನು ಓದಿ ಗುರುತಿಸುವುದು ಕಷ್ಟ. ಆದ್ದರಿಂದ ನಿಯಮದ ಹಗ್ಗ ಬಿಗಿಯಬೇಕಾದದ್ದು ಓಡಿಸುವವರ ಕೈಗೆ. ಬಾಟ್ ಎಂದು ಮೊದಲೇ ಹೇಳಿಕೊಳ್ಳದ ಖಾತೆ, ಎಷ್ಟೇ ಸಭ್ಯವಾಗಿ ಬರೆದರೂ, ಹೊರಗೆ.

ಹೇಳಿಕೊಂಡು ಬಂದರೆ ಮುಗಿಯಿತೇ? ಫಿಲಿಪ್ಪೀನ್ಸ್‌ನ ಸೆಬುವಾನೊ ಭಾಷೆಯ ವಿಕಿಪೀಡಿಯದಲ್ಲಿ 60 ಲಕ್ಷ ಲೇಖನಗಳಿವೆ. ಬಹುತೇಕ ಎಲ್ಲವೂ ಸ್ವೀಡನ್ನಿನ ಸ್ವೆರ್ಕರ್ ಯೊಹಾನ್ಸನ್ ಅವರ ಎಲ್‌ಎಸ್‌ಜೆಬಾಟ್‌ನ ಸೃಷ್ಟಿ: ಜೀವಪ್ರಭೇದಗಳು, ಬೆಟ್ಟಗಳು, ಹಳ್ಳಕೊಳ್ಳಗಳು. ಬಾಟ್ ಏನನ್ನೂ ಮುಚ್ಚಿಟ್ಟಿಲ್ಲ. ಆದರೆ ಮೂಲ ದತ್ತಾಂಶದಲ್ಲಿ ಒಂದು ಬೆಟ್ಟ ತಪ್ಪು ಜಾಗದಲ್ಲಿದ್ದರೆ ಲೇಖನದಲ್ಲೂ ಅಲ್ಲಿಯೇ ಇರುತ್ತದೆ. ತಿದ್ದಬೇಕಾದ ಸಕ್ರಿಯ ಸಂಪಾದಕರು ಮಾತ್ರ ತೀರಾ ಕಡಿಮೆ.

ಕನ್ನಡಕ್ಕೆ ತಾಗುವುದು ಇದೇ. ಒಂದೇ ವಿಷಯದ ಬೇರೆ ಬೇರೆ ಭಾಷೆಗಳ ಪುಟಗಳಿಗೆ ಕೊಂಡಿ ಬೆಸೆಯುವ ಬೇಸರದ ಕೆಲಸವನ್ನು ಕನ್ನಡ ವಿಕಿಪೀಡಿಯದಲ್ಲಿಯೂ ಬಾಟ್‌ಗಳೇ ಹೊತ್ತಿದ್ದವು. 2013ರಲ್ಲಿ ಅದು ಎಲ್ಲ ಭಾಷೆಗಳ ವಿಕಿಪೀಡಿಯಗಳೂ ಹಂಚಿಕೊಳ್ಳುವ ದತ್ತಾಂಶ ಭಂಡಾರವಾದ ವಿಕಿಡೇಟಾಕ್ಕೆ ಹೋಯಿತು. ಅದರಿಂದ ಯಾರಿಗೂ ನಷ್ಟವಾಗಲಿಲ್ಲ. ಲೇಖನ ಬರೆಯುವ ಬಾಟ್ ಹಾಗಲ್ಲ. ಸಮುದಾಯದ ಚರ್ಚೆ ನಡೆಯುವ ಅರಳಿಕಟ್ಟೆಗೆ ಅಂಥ ಬಾಟ್ ತರುತ್ತೇನೆಂದು ಯಾರಾದರೂ ಬಂದರೆ ಕೇಳಬೇಕಾದದ್ದು ಎರಡೇ: ದಿನಕ್ಕೆ ಎಷ್ಟು ಪುಟ, ಮತ್ತು ಅವನ್ನು ಓದಿ ತಿದ್ದುವವರು ಯಾರು? ಎರಡನೆಯದಕ್ಕೆ ಹೆಸರು ಹೇಳಲಾಗದಿದ್ದರೆ ಅನುಮತಿ ಬೇಡ. ತುಂಡಾದ ಕೊಂಡಿ ಸರಿಪಡಿಸುವ, ವರ್ಗಗಳನ್ನು ಹೊಂದಿಸುವ ಬಾಟ್‌ಗಳನ್ನು ಇಷ್ಟು ಪ್ರಶ್ನಿಸಬೇಕಿಲ್ಲ. ಅವು ಬಿಲ್ಲೆ ಧರಿಸಿ ಬಂದರೆ ಸಾಕು.