ಕ್ರಿಯಾಪದ ಬದಲಿಸಿದ ಮಾತ್ರಕ್ಕೆ ಪ್ರಶ್ನೆಯ ಮಟ್ಟ ಏರುವುದಿಲ್ಲ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಈಚಿನ ಪ್ರಶ್ನೆಪತ್ರಿಕೆಗಳ ಬಲ ಅಂಚಿನಲ್ಲಿ ಮೂರು ಸಣ್ಣ ಅಂಕಣಗಳಿರುತ್ತವೆ: ಎಂ, ಎಲ್, ಸಿ. ಮೊದಲನೆಯದು ಅಂಕ, ಕೊನೆಯದು ಕೋರ್ಸಿನ ಗುರಿ. ನಡುವಿನ ಎಲ್ ಅಂಕಣ ಆ ಪ್ರಶ್ನೆ ಯಾವ ಮಟ್ಟದ ಯೋಚನೆ ಬೇಡುತ್ತದೆ ಎಂಬುದರ ಗುರುತು, ಎಲ್1ರಿಂದ ಎಲ್6ರವರೆಗೆ. ಪ್ರೌಢಶಾಲೆಯ ಶಿಕ್ಷಕರಿಗೆ ಇದೇ ಸಂಗತಿ ಪ್ರಶ್ನೆಪತ್ರಿಕೆಯ ನೀಲನಕ್ಷೆಯಿಂದ ಪರಿಚಿತ: ಅಡ್ಡಸಾಲಿನಲ್ಲಿ ಪಾಠಗಳು, ಲಂಬಸಾಲಿನಲ್ಲಿ ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ. ಎರಡೂ ಒಂದೇ ಬೇರಿನ ಕವಲುಗಳು. ಆ ಬೇರು ಇರುವುದು ತರಗತಿಯಲ್ಲಲ್ಲ, ಪರೀಕ್ಷಾ ವಿಭಾಗದಲ್ಲಿ.

1948ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘದ ಸಮಾವೇಶ ಬಾಸ್ಟನ್‌ನಲ್ಲಿ ನಡೆದಾಗ, ಕಾಲೇಜುಗಳ ಪರೀಕ್ಷಕರು ಕೆಲವರು ಅನೌಪಚಾರಿಕವಾಗಿ ಸೇರಿದರು. ಅವರ ತೊಂದರೆ ತೀರಾ ವ್ಯಾವಹಾರಿಕವಾದದ್ದು. ಪ್ರತಿ ವಿಶ್ವವಿದ್ಯಾಲಯವೂ ಪ್ರತಿ ವರ್ಷ ಹೊಸದಾಗಿ ಪ್ರಶ್ನೆಗಳನ್ನು ಹೊಸೆಯಬೇಕಿತ್ತು. ಒಬ್ಬರ ಪ್ರಶ್ನೆಯನ್ನು ಇನ್ನೊಬ್ಬರು ಎರವಲು ಪಡೆಯಬೇಕಾದರೆ ಅದು ಏನನ್ನು ಅಳೆಯುತ್ತದೆ ಎಂದು ಹೇಳುವ ಸಮಾನ ಭಾಷೆ ಬೇಕು. ಚಿಕಾಗೋ ವಿಶ್ವವಿದ್ಯಾಲಯದ ಪರೀಕ್ಷಕ ಬೆಂಜಮಿನ್ ಬ್ಲೂಮ್ ಮುಂದಾಳತ್ವದಲ್ಲಿ ಈ ಕೆಲಸ ಎಂಟು ವರ್ಷ ನಡೆಯಿತು. 1956ರಲ್ಲಿ ಹೊರಬಂದ ಪುಸ್ತಕಕ್ಕೆ ಬ್ಲೂಮ್ ಜೊತೆ ಎಂಗಲ್‌ಹಾರ್ಟ್, ಫರ್ಸ್ಟ್, ಹಿಲ್, ಕ್ರಾಥ್‌ವೋಲ್ ಎಂಬ ನಾಲ್ವರ ಹೆಸರೂ ಇದೆ. ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಸಂಯೋಜನೆ, ಮೌಲ್ಯಮಾಪನ ಎಂಬ ಆರು ವರ್ಗಗಳು ಅಲ್ಲಿಂದಲೇ ಬಂದವು. ಇಂದು ಪ್ರತಿ ತರಬೇತಿಯ ಸ್ಲೈಡಿನಲ್ಲೂ ಕಾಣುವ ಬಣ್ಣಬಣ್ಣದ ಪಿರಮಿಡ್ ಮಾತ್ರ ಆ ಪುಸ್ತಕದಲ್ಲಿಲ್ಲ. ಅದು ಬೇರೆಯವರು ಆಮೇಲೆ ಕಟ್ಟಿದ ಗೋಪುರ.

ಪಿರಮಿಡ್ಡಿಗಿಂತ ಮುಖ್ಯವಾದ ಒಂದು ಎಚ್ಚರಿಕೆ ಆ ಪುಸ್ತಕದಲ್ಲಿತ್ತು, ಅದು ಹೆಚ್ಚು ಕಡೆ ಕಳೆದೇಹೋಗಿದೆ. ವಿದ್ಯಾರ್ಥಿಗೆ ಹಿಂದೆ ಏನು ಕಲಿಸಲಾಗಿದೆ ಎಂದು ತಿಳಿಯದೆ ಒಂದು ಪ್ರಶ್ನೆಯ ಮಟ್ಟವನ್ನು ಖಚಿತವಾಗಿ ಹೇಳಲಾಗದು. ಉತ್ತರವನ್ನು ನೋಟ್ಸಿನಲ್ಲಿ ಬರೆಸಿದ್ದರೆ, ಪ್ರಶ್ನೆ ಎಷ್ಟೇ ಗಹನವಾಗಿ ಕಂಡರೂ ಅದು ನೆನಪಿನ ಪರೀಕ್ಷೆಯೇ.

ಭಾರತಕ್ಕೆ ಈ ವಿಚಾರ ಬಂದದ್ದು ಬಹಳ ಬೇಗ. ಪುಸ್ತಕ ಬಂದ ಮರುವರ್ಷವೇ, 1957ರಲ್ಲಿ, ಬ್ಲೂಮ್ ಇಲ್ಲಿಗೆ ಬಂದು ಮೌಲ್ಯಮಾಪನದ ಕಾರ್ಯಾಗಾರಗಳನ್ನು ನಡೆಸಿದರು. 1958ರಲ್ಲಿ ಕೇಂದ್ರ ಪರೀಕ್ಷಾ ಘಟಕ ಶುರುವಾಯಿತು. 1961ರಲ್ಲಿ ಎನ್‌ಸಿಇಆರ್‌ಟಿ ಹುಟ್ಟಿದಾಗ ಆ ಕೆಲಸ ಅಲ್ಲಿಗೆ ಸೇರಿತು. ಆದರೆ ದಾರಿಯಲ್ಲಿ ಆರು ವರ್ಗ ನಾಲ್ಕಾದವು. ನಮ್ಮ ಬಿ.ಎಡ್. ಪಾಠಯೋಜನೆಗಳಲ್ಲಿ 'ಸ್ಮರಿಸುವನು, ಗುರುತಿಸುವನು' ಎಂಬುದು ಜ್ಞಾನಕ್ಕೆ, 'ಹೋಲಿಸುವನು, ಉದಾಹರಣೆ ಕೊಡುವನು' ಎಂಬುದು ತಿಳುವಳಿಕೆಗೆ. ವಿಶ್ಲೇಷಿಸುವುದು, ಕಾರಣ ಕೊಡುವುದು, ಊಹಿಸುವುದು ಎಲ್ಲವನ್ನೂ ಅನ್ವಯ ಎಂಬ ಒಂದೇ ಚೀಲಕ್ಕೆ ತುಂಬಲಾಯಿತು. ತಯಾರಿಸಲು ಸುಲಭ, ಅಂಕ ಹಂಚಲು ಸುಲಭ. ಆದರೆ ಗೊತ್ತಿರುವ ಸೂತ್ರಕ್ಕೆ ಬೆಲೆ ತುಂಬಿಸುವ ಲೆಕ್ಕವೂ, ಇಡೀ ಸನ್ನಿವೇಶವನ್ನು ಬಿಡಿಸಿ ನೋಡಬೇಕಾದ ಲೆಕ್ಕವೂ ಒಂದೇ ಅಂಕಣದಲ್ಲಿ ಕೂತವು.

2001ರಲ್ಲಿ ಬ್ಲೂಮ್ ಶಿಷ್ಯ ಲೋರಿನ್ ಆಂಡರ್ಸನ್ ಹಾಗೂ ಮೂಲ ತಂಡದ ಕ್ರಾಥ್‌ವೋಲ್ ಪಟ್ಟಿಯನ್ನು ತಿದ್ದಿದರು. ನಾಮಪದಗಳು ಕ್ರಿಯಾಪದಗಳಾದವು: ನೆನಪಿಸಿಕೊಳ್ಳು, ಅರ್ಥಮಾಡಿಕೊಳ್ಳು, ಅನ್ವಯಿಸು, ವಿಶ್ಲೇಷಿಸು, ಮೌಲ್ಯಮಾಪನ ಮಾಡು, ಸೃಷ್ಟಿಸು. ಸಂಯೋಜನೆಯು ಸೃಷ್ಟಿಯಾಗಿ ಮೌಲ್ಯಮಾಪನದ ಮೇಲಕ್ಕೆ ಹೋಯಿತು. ಜ್ಞಾನ ಒಂದು ಮೆಟ್ಟಿಲಾಗಿ ಉಳಿಯದೆ ಪ್ರತ್ಯೇಕ ಅಕ್ಷವಾಯಿತು: ವಾಸ್ತವಾಂಶ, ಪರಿಕಲ್ಪನೆ, ವಿಧಾನ, ತನ್ನ ಕಲಿಕೆಯ ಬಗೆಗಿನ ಅರಿವು. ಆರನ್ನು ನಾಲ್ಕರಿಂದ ಗುಣಿಸಿದರೆ 24 ಕೋಣೆಗಳ ಕೋಷ್ಟಕ. ಎಲ್ ಅಂಕಣದ ಆರು ಮಟ್ಟಗಳು ಈ ಪರಿಷ್ಕೃತ ಪಟ್ಟಿಯವು. ಎರಡನೇ ಅಕ್ಷವನ್ನು ಮಾತ್ರ ನಮ್ಮಲ್ಲಿ ಯಾರೂ ಕೇಳಿದಂತಿಲ್ಲ.

ಕ್ರಿಯಾಪದಗಳು ಬಂದದ್ದೇ ತಡ, ಕ್ರಿಯಾಪದಗಳ ಪಟ್ಟಿಗಳೂ ಬಂದವು. ಎಡವಟ್ಟು ಆದದ್ದು ಅಲ್ಲೇ. 'ವಿವರಿಸಿ' ಇದ್ದರೆ ಎಲ್2, 'ವಿಶ್ಲೇಷಿಸಿ' ಇದ್ದರೆ ಎಲ್4 ಎಂದು ಪದ ನೋಡಿ ಗುರುತು ಹಾಕುವುದು ರೂಢಿಯಾಯಿತು. 'ಸಮೀಕರಣವನ್ನು ಸಾಧಿಸಿ' ಎಂಬುದಕ್ಕೆ ಎಲ್3 ಬೀಳುತ್ತದೆ. ಬರೆಯುವವರು ಅದನ್ನು ಹಿಂದಿನ ರಾತ್ರಿ ಸಾಲುಸಾಲಾಗಿ ಬಾಯಿಪಾಠ ಮಾಡಿರುತ್ತಾರೆ.

ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠದ ಒಂದು ಅಭ್ಯಾಸ ನೋಡಿ: ತಲಾ 6 ಓಮ್‌ನ ಮೂರು ರೋಧಕಗಳನ್ನು 9 ಓಮ್ ಮತ್ತು 4 ಓಮ್ ಬರುವಂತೆ ಜೋಡಿಸುವುದು ಹೇಗೆ? ಎರಡನ್ನು ಸಮಾಂತರವಾಗಿಟ್ಟರೆ 3, ಅದಕ್ಕೆ ಸರಣಿಯಲ್ಲಿ ಇನ್ನೊಂದು ಸೇರಿದರೆ 9. ಎರಡನ್ನು ಸರಣಿಯಲ್ಲಿಟ್ಟು 12 ಮಾಡಿ, ಮೂರನೆಯದನ್ನು ಸಮಾಂತರವಾಗಿ ಸೇರಿಸಿದರೆ 4. ಮೊದಲ ಸಲ ನೋಡಿದ ಮಗುವಿಗೆ ಇದು ನಿಜವಾದ ವಿಶ್ಲೇಷಣೆ. ಬೋರ್ಡಿನ ಮೇಲೆ ಬಿಡಿಸಿದ ಮೇಲೆ ಪರೀಕ್ಷೆಯಲ್ಲಿ ಅದನ್ನೇ ಕೊಟ್ಟರೆ ಎಲ್1. 6ರ ಬದಲು 12 ಎಂದು ಬದಲಿಸಿ 18 ಮತ್ತು 8 ಕೇಳಿದರೆ ಎಲ್3, ಅಷ್ಟೇ. ಮಟ್ಟ ಏರಬೇಕಾದರೆ ಕೆಲಸವೇ ಬದಲಾಗಬೇಕು: ಮೂರನ್ನೂ ಬಳಸಿ ಒಟ್ಟು ಎಷ್ಟು ಬೇರೆ ಬೇರೆ ರೋಧ ಪಡೆಯಬಹುದು, ಇನ್ನಿಲ್ಲ ಎಂದು ಹೇಗೆ ಹೇಳುವಿರಿ? ಉತ್ತರ ನಾಲ್ಕು: 18, 9, 4, 2. ಇಲ್ಲಿ ಸಾಧ್ಯತೆಗಳನ್ನು ಕ್ರಮವಾಗಿ ಬಿಡಿಸಬೇಕು. 'ಇವೇ ರೋಧಕಗಳಿಂದ 5 ಓಮ್ ಪಡೆದೆ ಎನ್ನುತ್ತಾನೆ ಒಬ್ಬ, ಒಪ್ಪುವಿರಾ?' ಎಂದರೆ ಮೌಲ್ಯಮಾಪನ. ಒಂದೆರಡನ್ನೇ ಬಳಸಿದರೂ ಸಿಗುವುದು 6, 12, 3 ಮಾತ್ರ ಎಂದು ವಿದ್ಯಾರ್ಥಿಗಳು ಆಧಾರ ಕೊಡಬೇಕು.

ಸೃಷ್ಟಿ ಎಂದರೆ ಚಾರ್ಟ್ ಅಂಟಿಸುವುದೆಂಬ ಭ್ರಮೆಯೂ ಇದೆ. ಪುಸ್ತಕದ ಚಿತ್ರವನ್ನು ಥರ್ಮಾಕೋಲ್ ಮೇಲೆ ಇಳಿಸುವುದು ಕೈಕೆಲಸ, ಯೋಚನೆಯ ಮಟ್ಟ ಅದರಿಂದ ಏರದು. ಅದೇ ಪಾಠಕ್ಕೆ ಹೀಗೊಂದು ಕೆಲಸ ಕೊಡಬಹುದು, ಕಾಗದದ ಮೇಲೆ ಮಾತ್ರ: ಗಣಪತಿ ಪೆಂಡಾಲಿಗೆ 6 ವೋಲ್ಟಿನ 200 ಬಲ್ಬುಗಳ ಸೀರಿಯಲ್ ಸೆಟ್, ಮನೆಯ ಕರೆಂಟು 230 ವೋಲ್ಟ್, ಒಂದು ಬಲ್ಬು ಸುಟ್ಟರೆ ಆದಷ್ಟು ಕಡಿಮೆ ಬಲ್ಬು ಆರಬೇಕು. 230ನ್ನು 6ರಿಂದ ಭಾಗಿಸಿದರೆ 38ಕ್ಕಿಂತ ಸ್ವಲ್ಪ ಹೆಚ್ಚು, ಹಾಗಾಗಿ ಸರಣಿಯಲ್ಲಿ ಜೋಡಿಸಿದ ಒಂದು ಎಳೆಗೆ ಕನಿಷ್ಠ 39 ಬಲ್ಬು ಬೇಕು. 40ರ ಐದು ಎಳೆ ಮಾಡಿ ಸಮಾಂತರವಾಗಿ ಜೋಡಿಸಿದರೆ ಸರಿಹೋಗುತ್ತದೆ. ಮಕ್ಕಳು ಸಾಮಾನ್ಯವಾಗಿ ತಪ್ಪುವುದು ಎರಡು ಕಡೆ: ಆರು ಎಳೆ ಮಾಡಿದರೆ ಒಂದೊಂದರಲ್ಲಿ 33ರಷ್ಟೇ ಬಲ್ಬು ಬಂದು ತಲಾ 7 ವೋಲ್ಟಿನ ಹತ್ತಿರ ಬೀಳುತ್ತದೆಂಬುದನ್ನು ಮರೆಯುತ್ತಾರೆ, ಇಲ್ಲವೇ 200ನ್ನೂ ಸಮಾಂತರಕ್ಕೆ ಹಾಕಿಬಿಡುತ್ತಾರೆ. ನಾಲ್ಕು ಅಂಕವಾದರೆ ಎಳೆಗೆ ಕನಿಷ್ಠ ಸಂಖ್ಯೆ, ಎಳೆಗಳ ಲೆಕ್ಕ, ಮಂಡಲಚಿತ್ರ, ಸುಟ್ಟಾಗ ಆಗುವುದರ ಕಾರಣ, ತಲಾ ಒಂದು. ಅಂಕ ಹೀಗೆ ಒಡೆದಿಡದಿದ್ದರೆ ಮೌಲ್ಯಮಾಪಕರು ಕೀ ಉತ್ತರದ ಚಿತ್ರಕ್ಕೆ ಹೋಲುವುದಕ್ಕೆ ಮಾತ್ರ ಅಂಕ ಕೊಡುತ್ತಾರೆ. ಆಗ ಇಡೀ ಪ್ರಶ್ನೆ ವ್ಯರ್ಥ.

ಕಷ್ಟ ಬೇರೆ, ಸಂಕೀರ್ಣತೆ ಬೇರೆ. ಮೊದಲ 20 ಧಾತುಗಳನ್ನು ಕ್ರಮವಾಗಿ ಹೇಳುವುದು ಹಲವರಿಗೆ ಕಷ್ಟ, ಆದರೂ ಅದು ಎಲ್1. ನಿಂಬೆರಸಕ್ಕೆ ಅಡುಗೆಸೋಡ ಹಾಕಿದರೆ ನೊರೆ ಬರುತ್ತದೆ, ಉಪ್ಪು ಹಾಕಿದರೆ ಏಕಿಲ್ಲ ಎಂಬುದು ಸುಲಭ, ಆದರೆ ಅನ್ವಯ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ನಾರ್ಮನ್ ವೆಬ್ 1997ರಲ್ಲಿ ಮುಂದಿಟ್ಟ ನಾಲ್ಕು ಹಂತಗಳ ಮಾದರಿ ಈ ಗೊಂದಲ ಬಿಡಿಸಲು ಉಪಯುಕ್ತ. ಅದು ಕ್ರಿಯಾಪದವನ್ನಲ್ಲ, ಕೆಲಸ ಮುಗಿಸಲು ಎಷ್ಟು ಆಳದ ತಿಳುವಳಿಕೆ ಬೇಕು ಎಂಬುದನ್ನು ನೋಡುತ್ತದೆ. ಅದರ ನಾಲ್ಕನೇ ಹಂತಕ್ಕೆ ದಿನಗಟ್ಟಲೆ, ವಾರಗಟ್ಟಲೆ ಕೆಲಸ ಬೇಕಾಗುವುದರಿಂದ ಮೂರು ಗಂಟೆಯ ಪತ್ರಿಕೆಯಲ್ಲಿ ಅದನ್ನು ಹುಡುಕುವುದೇ ತಪ್ಪು. ಹಾಗೆಯೇ ಐದು ಅಂಕದ ಪ್ರಶ್ನೆ ಎಂದಾಕ್ಷಣ ಮೇಲಿನ ಮಟ್ಟವೂ ಅಲ್ಲ. ಎರಡು ಪುಟದ ಬಾಯಿಪಾಠಕ್ಕೂ ಐದು ಅಂಕ ಸಿಗುತ್ತದೆ.

ನೀಲನಕ್ಷೆ ತುಂಬುವಾಗ ನೆರವಾಗುವ ಕ್ರಮ ಹೀಗಿದೆ. ಮೊದಲು ಪ್ರಶ್ನೆ ಬರೆದು, ಅದರ ಮಾದರಿ ಉತ್ತರವನ್ನೂ ಪೂರ್ತಿ ಬರೆಯಿರಿ. ಆ ಉತ್ತರದ ಯಾವ ಸಾಲು ಪಠ್ಯದಲ್ಲಿ, ನೋಟ್ಸಿನಲ್ಲಿ, ಗೈಡಿನಲ್ಲಿ ಇದ್ದಹಾಗೇ ಸಿಗುತ್ತದೆ ಎಂದು ಗೆರೆ ಎಳೆಯಿರಿ. ಗೆರೆ ಬೀಳದೆ ಉಳಿದ ಭಾಗವೇ ವಿದ್ಯಾರ್ಥಿಯ ಸ್ವಂತ ಯೋಚನೆ; ಮಟ್ಟದ ಗುರುತನ್ನು ಅದನ್ನು ನೋಡಿ ಹಾಕಿ, ಕ್ರಿಯಾಪದ ನೋಡಿ ಅಲ್ಲ. ಮರುವರ್ಷ ಅದೇ ಪ್ರಶ್ನೆ ಪ್ರಶ್ನೆಕೋಶಕ್ಕೋ ಪಾಸಿಂಗ್ ಪ್ಯಾಕೇಜಿಗೋ ಸೇರಿದ್ದರೆ ಇಡೀ ಉತ್ತರದ ಕೆಳಗೆ ಗೆರೆ ಬೀಳುತ್ತದೆ. ಆಗ ಎಲ್5 ಎಂದಿದ್ದದ್ದನ್ನು ಎಲ್1 ಎಂದು ತಿದ್ದಿ ಬೇರೆ ಪ್ರಶ್ನೆ ಬರೆಯಬೇಕು.